ಸುರಿಗೆ ನೀರು ಹತ್ತದ ತಲೆ

ಮೊನ್ನೆ ಮೊಮ್ಮಗಳು ತಲೆಗೆ ಸ್ನಾನ ಮಾಡಿ ಬಂದು ಕನ್ನಡಿಯ ಮುಂದೆ ನಿಂತಿದ್ದಳು. ಹೆಬ್ಬೆರಳ ಗಾತ್ರದ ಬಾಟಲಿಯಿಂದ ಅಂಗೈಗೆ ಒಂದು ಹನಿ ಹಾಕಿಕೊಂಡು ಕೂದಲ ತುದಿಗೆ ಸವರಿದಳು. ನಾನು ಮಂಚದ ಮೇಲೆ ಕೂತು ಫೋನಿನಲ್ಲಿ ಕನ್ನಡ ಒತ್ತುವುದನ್ನು ಕಲಿಯುತ್ತಿದ್ದೆ. ಒತ್ತಕ್ಷರ ಸಿಗದೆ ಅದರ ಜೊತೆ ಜಗಳ ನಡೆದಿತ್ತು. ತಲೆಯೆತ್ತಿ ನೋಡುತ್ತೇನೆ, ಅವಳ ಕೂದಲು ಗಾಜಿನಂತೆ ಹೊಳೆಯುತ್ತಿದೆ. ಆ ಹೊಳಪನ್ನು ನಾನು ಎಲ್ಲೋ ನೋಡಿದ್ದೆ. ಎಲ್ಲೋ ಏನು, ನನ್ನ ತಲೆಯ ಮೇಲೇ ನೋಡಿದ್ದೆ.

ಬಾಟಲಿ ಇಸಿದುಕೊಂಡು ಒಂದು ಹನಿಯನ್ನು ಬೆರಳುಗಳ ನಡುವೆ ಉಜ್ಜಿದೆ. ನೋಡಲು ಎಣ್ಣೆ, ಮುಟ್ಟಿದರೆ ಎಣ್ಣೆಯಲ್ಲ. ಅಂಟುವುದಿಲ್ಲ, ಜಾರುತ್ತದೆ. ಸೆರಗಿನ ಮೂಲೆಗೆ ತಿಕ್ಕಿ, ಅದರ ಮೇಲೆ ಚೊಂಬಿನಿಂದ ನೀರು ಚಿಮುಕಿಸಿದೆ. ಹನಿಗಳು ದುಂಡಗಾಗಿ ಉರುಳಿ ನೆಲಕ್ಕೆ ಬಿದ್ದವು. ಸೆರಗು ಒಣಗಿದಂತೆಯೇ ಇತ್ತು.

ಇದರಲ್ಲಿ ಏನು ಹಾಕಿದ್ದಾರೆ ಎಂದು ಕೇಳಿದೆ. ಅವಳು ಬಾಟಲಿಯ ಹಿಂದಿನ ಇರುವೆಯಂಥ ಅಕ್ಷರಗಳನ್ನು ಓದಿ ಸಿಲಿಕೋನ್ ಎಂದಳು. ಒಂದೊಂದು ಕೂದಲಿಗೂ ತೆಳ್ಳಗೆ ಅಂಗಿ ತೊಡಿಸಿದ ಹಾಗಂತೆ ಅದು. ಒಳಗೆ ಇಳಿಯುವುದಿಲ್ಲ, ಮೇಲೇ ಕೂರುತ್ತದೆ. ಸಿಕ್ಕು ಬಿಡಿಸುತ್ತದೆ, ಹೊಳಪು ಕೊಡುತ್ತದೆ. ಸರಿಯಾಗಿ ತೊಳೆಯದೆ ಮೇಲಿಂದ ಮೇಲೆ ಹಚ್ಚಿದರೆ ಮಾತ್ರ ಅಂಗಿಯ ಮೇಲೆ ಅಂಗಿ ತೊಟ್ಟಂತಾಗಿ ಕೂದಲು ಜೋತು ಬೀಳುತ್ತದಂತೆ. ಕೊಡೆ ಬಟ್ಟೆಗೂ ಇದನ್ನೇ ಹಚ್ಚುತ್ತಾರೇನು ನೋಡು ಎಂದೆ. ಫೋನಿನಲ್ಲಿ ಹುಡುಕಿ ನಕ್ಕಳು. "ಹೂಂ ಅಜ್ಜಿ, ಒಂದೇ ಜಾತಿದು. ಕೊಡೆಗೆ ಹಚ್ಚೋದು ಬ್ಯಾರೆ ಥರ, ತಲೆಗೆ ಹಚ್ಚೋದು ಬ್ಯಾರೆ ಥರ. ನಿಂಗ್ಯಾಕೆ ಇದು?"

ಅದು ನನ್ನ ಮದುವೆಯನ್ನು ಮುರಿಯುವುದರಲ್ಲಿತ್ತು ಎಂದೆ. ಅವಳು ನಂಬಲಿಲ್ಲ. ಅದಕ್ಕೇ ಇದನ್ನು ಒಂದೇ ಬೆರಳಿನಲ್ಲಿ ಒತ್ತುತ್ತಾ ಕೂತಿದ್ದೇನೆ.

ಎಪ್ಪತ್ತರ ದಶಕದ ಮಾತು. ನಮ್ಮದು ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಹತ್ತಿರ ಕುರಿ ಸಾಕುವ ಮನೆ. ಅಪ್ಪ ಕುರಿ ಹಿಂದೆ ಹೋದರೆ, ಅಪ್ಪನ ತಾಯಿ, ನನ್ನಜ್ಜಿ, ಜಗುಲಿಯ ಮೇಲೆ ಕೂತು ಉಣ್ಣೆ ನೂಲುತ್ತಿದ್ದಳು. ಆ ನೂಲು ಮಗ್ಗಕ್ಕೆ ಹೋಗಿ ಕಂಬಳಿಯಾಗಿ ಬಂದಾಗ ಅಜ್ಜಿ ಅದನ್ನು ಕಣ್ಣಿನಿಂದ ನೋಡಿ ಒಪ್ಪುತ್ತಿರಲಿಲ್ಲ. ನಾಲ್ಕು ಮೂಲೆಗೆ ನಾಲ್ಕು ಜನ ಹಿಡಿದುಕೊಳ್ಳಬೇಕು, ನಡುವೆ ತೊಟ್ಟಿಲಿನಂತೆ ಜೋಲು ಬಿಡಬೇಕು, ಅಜ್ಜಿ ಅದರೊಳಗೆ ಕೊಡದ ನೀರು ಸುರಿಯಬೇಕು. ಕೆಳಗೆ ಒಂದು ಹನಿಯೂ ಜಿನುಗದಿದ್ದರೆ ಅದು ಕಂಬಳಿ. ಜಿನುಗಿದರೆ ಅದನ್ನು ನಾಯಿಗೆ ಹಾಸು ಎಂದು ಎಸೆಯುವಳು. ಬಯಲಲ್ಲಿ ಮಳೆ ಹಿಡಿದಾಗ ಕುರಿ ಕಾಯುವವನಿಗೆ ಕಂಬಳಿಯೇ ಸೂರು. ಹಾಗಾಗಿ ಅವಳ ಲೆಕ್ಕದಲ್ಲಿ ಲೋಕದ ಯಾವ ವಸ್ತುವಿಗಾದರೂ ಗುಣ ಎಂದರೆ ಇದೊಂದೇ, ನೀರನ್ನು ಒಳಗೆ ಬಿಟ್ಟುಕೊಳ್ಳಬಾರದು.

ನನಗೆ ಗಂಡು ಗೊತ್ತಾಗಿದ್ದು ಹೊಸದುರ್ಗದ ಆಚೆಯ ಹಳ್ಳಿಯಲ್ಲಿ. ಹುಡುಗ ಹಿರಿಯೂರಿನಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟಿದ್ದ. ನೋಡಲು ಬಂದಾಗ ನಾನು ತಲೆ ಬಗ್ಗಿಸಿಕೊಂಡೇ ನೋಡಿದ್ದು ಅವನ ಕ್ರಾಪನ್ನು. ಕಿವಿ ಮುಚ್ಚುವ ಹಾಗೆ ಬಿಟ್ಟು, ಹಣೆಯ ಮೇಲೆ ಗುಬ್ಬಿ ಗೂಡಿನಂತೆ ಎಬ್ಬಿಸಿ ಬಾಚಿದ್ದ. ಮಾತು ನಡೆದಷ್ಟು ಹೊತ್ತೂ ಗೂಡು ಕೆಡದಂತೆ ಕೈಯಾಡಿಸಿಕೊಳ್ಳುತ್ತಿದ್ದ. ನನಗೆ ಅವನು ಬಹಳ ಹಿಡಿಸಿದ. ಅವನ ಜೊತೆ ಬಂದಿದ್ದ ಸೋದರತ್ತೆ ಮಾತ್ರ ನನ್ನ ಹಲ್ಲು, ಹಿಮ್ಮಡಿ, ಉಗುರು ಎಲ್ಲವನ್ನೂ ಸಂತೆಯಲ್ಲಿ ಕುರಿ ನೋಡುವ ಹಾಗೆ ನೋಡಿದಳು. ಅವನ ತಂದೆಗೆ ಆಕೆ ದೊಡ್ಡ ಅಕ್ಕ. ತಾಯಿಲ್ಲದ ಆ ಹುಡುಗನನ್ನು ಬೆಳೆಸಿದವಳು. ಆ ಮನೆಯಲ್ಲಿ ಆಕೆ ಆಗದು ಎಂದರೆ ಆಗದು. ನನ್ನ ಕೂದಲು ಸ್ವಲ್ಪ ತೆಳುವಾಯಿತು ಎಂದು ಹೇಳಿಯೇ ಎದ್ದಿದ್ದಳು. ಆದರೂ ಒಪ್ಪಿಗೆ ಬಂತು.

ಆ ಒಂದು ಮಾತು ನಮ್ಮಜ್ಜಿಯ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ಮದುವೆಗೆಂದು ಚಿಕ್ಕಪ್ಪ ಬೊಂಬಾಯಿಯಿಂದ ಬಂದ. ಅಜ್ಜಿಯ ಕೊನೆ ಮಗ. ಕೊಡೆ ಬಟ್ಟೆ ತಯಾರಿಸುವ ಯಾವುದೋ ಮಿಲ್ಲಿನಲ್ಲಿ ಕೆಲಸ. ನೇಯ್ದ ಬಟ್ಟೆಗೆ ಮದ್ದು ಕುಡಿಸಿ, ಮಳೆ ನೀರು ಜಾರುವಂತೆ ಮಾಡುವ ಕಡೆ ನಿಲ್ಲುತ್ತಿದ್ದ. ಟ್ರಂಕಿನಿಂದ ಆ ಮದ್ದಿನ ಬಿಳಿ ಎಣ್ಣೆ ತುಂಬಿದ ಎರಡು ಬಾಟಲಿ ತೆಗೆದು ಅಜ್ಜಿಯ ಮುಂದಿಟ್ಟ. ಅಲ್ಲಿನ ಹುಡುಗರೆಲ್ಲ ಕೆಲಸ ಮುಗಿದ ಮೇಲೆ ಆ ಎಣ್ಣೆ ಮೆತ್ತಿದ ಕೈಯನ್ನು ತಲೆಗೇ ಒರೆಸಿಕೊಳ್ಳುತ್ತಾರಂತೆ. ಕೂದಲು ಸಿನಿಮಾ ಹೀರೋಗಳ ಹಾಗೆ ಮಿಂಚುತ್ತದಂತೆ. ಒಂದೇ ಹನಿ ಸಾಕು, ಜಾಸ್ತಿ ಹಾಕಬೇಡ ಎಂದು ಒತ್ತಿ ಹೇಳಿದ.

ಅಜ್ಜಿಗೆ ಬೊಂಬಾಯಿಯ ಮೇಲೂ ನಂಬಿಕೆಯಿರಲಿಲ್ಲ, ಮಗನ ಮೇಲೂ ಇರಲಿಲ್ಲ. ಅವಳು ನಂಬಿದ್ದು ತನ್ನ ಪರೀಕ್ಷೆಯನ್ನು. ಮೂಲೆಯಲ್ಲಿ ಬಿದ್ದಿದ್ದ, ನೂಲು ಸವೆದು ನೀರು ಸೋರುವ ಹಳೆಯ ಕಂಬಳಿಯೊಂದನ್ನು ತರಿಸಿದಳು. ನಡುವೆ ಆ ಎಣ್ಣೆ ಸವರಿ, ಬಿಸಿಲಿಗೆ ಒಣಗಿಸಿ, ಅಮ್ಮ, ಅಪ್ಪ, ಚಿಕ್ಕಪ್ಪ, ನಾನು ನಾಲ್ಕು ಮೂಲೆ ಹಿಡಿಯುವಂತೆ ಹೇಳಿ ನೀರು ಸುರಿದಳು. ಎಂದೋ ಸತ್ತ ಕಂಬಳಿ ನೀರನ್ನು ಹಿಡಿದು ನಿಂತಿತು. ಅಜ್ಜಿ ಕೆಳಗೆ ಬಗ್ಗಿ ಅಂಗೈ ಒಡ್ಡಿ ನೋಡಿದಳು. ಒಂದು ತೊಟ್ಟೂ ಇಲ್ಲ. ಅವಳ ಮುಖದಲ್ಲಿ ನಾನು ಅಂಥ ಆಶ್ಚರ್ಯವನ್ನು ಅದಕ್ಕೆ ಮೊದಲು ನೋಡಿರಲಿಲ್ಲ.

"ಇದು ಎಣ್ಣೆ ಕಣ್ರೇ," ಎಂದಳು. "ಇಷ್ಟು ದಿನ ನಾವು ಹಚ್ಕಂಡಿದ್ದು ಬರೀ ಜಿಡ್ಡು."

ಅಂದೇ ಸಂಜೆ ನನ್ನನ್ನು ಕಾಲ ನಡುವೆ ಕೂರಿಸಿಕೊಂಡಳು. ನಮ್ಮಲ್ಲಿ ತಲೆಗೆ ಎಣ್ಣೆ ಹಾಕುವುದೆಂದರೆ ಹನಿಯ ಲೆಕ್ಕವಲ್ಲ. ಅಂಗೈ ಗುಳಿಯಲ್ಲಿ ಹರಳೆಣ್ಣೆ ತುಂಬಿಕೊಂಡು ನೆತ್ತಿಗೆ ಹುಯ್ದು, ಕಿವಿಯ ಹಿಂದೆ ಇಳಿಯುವವರೆಗೆ ಒತ್ತಬೇಕು. ಮದುವೆ ಹೆಣ್ಣಿಗಂತೂ ಕಡಿಮೆ ಹಾಕಿದರೆ ಊರವರು ಆಡಿಕೊಳ್ಳುತ್ತಾರೆ. ಒಂದು ಹನಿ ಸಾಕು ಎಂದ ಚಿಕ್ಕಪ್ಪನ ಮಾತು ಅಜ್ಜಿಗೆ ಬೊಂಬಾಯಿಯ ಜಿಪುಣತನವಾಗಿ ಕೇಳಿಸಿತು. ಅಂಗೈ ತುಂಬ ಸುರಿದು ಒತ್ತಿದಳು. ಮರುದಿನವೂ ಒತ್ತಿದಳು. ಅದರ ಮರುದಿನವೂ.

ಮೊದಮೊದಲು ನಾನೂ ಬೆಚ್ಚಿ ಬೀಳುವಷ್ಟು ಚೆನ್ನಾಗಿತ್ತು. ಸಿಕ್ಕು ಎನ್ನುವುದೇ ಇಲ್ಲ. ಬಾಚಣಿಗೆ ಇಟ್ಟರೆ ತುದಿಯವರೆಗೆ ತಾನೇ ಜಾರಿ ಕೆಳಗೆ ಬೀಳುತ್ತಿತ್ತು. ನೀರು ಸೇದಲು ಹೋದರೆ ಹೆಂಗಸರು ಕೊಡ ಇಳಿಸಿ ನನ್ನ ಜಡೆ ಮುಟ್ಟಿ ನೋಡುತ್ತಿದ್ದರು. ತೆಳು ಕೂದಲು ಎಂದವಳು ಈಗ ಬಂದು ನೋಡಲಿ ಎಂದು ಅಜ್ಜಿ ಬೀದಿಗೆ ಕೇಳುವಂತೆ ಹೇಳುತ್ತಿದ್ದಳು.

ಆಮೇಲೆ ಒಂದೊಂದೇ ಗೊತ್ತಾಗತೊಡಗಿತು. ಮುಡಿದ ಕನಕಾಂಬರ ಬಾಗಿಲು ದಾಟುವುದರೊಳಗೆ ಜಾರಿ ಬೀಳುತ್ತಿತ್ತು. ಟೇಪು ಕಟ್ಟಿದರೆ ನಿಲ್ಲುತ್ತಿರಲಿಲ್ಲ, ಜಡೆ ತಾನೇ ಬಿಚ್ಚಿಕೊಳ್ಳುತ್ತಿತ್ತು. ಹೊಳಪು ಹೋಗಿ ಒಂಥರಾ ಮೇಣದ ಭಾರ ಬಂತು, ದೂಳೆಲ್ಲ ಅಲ್ಲೇ ಬಂದು ಕೂರತೊಡಗಿತು. ಮುಟ್ಟಿದರೆ ನುಣುಪು, ತುದಿ ಹಿಡಿದು ಎಳೆದರೆ ಒಣಹುಲ್ಲಿನಂತೆ ಪಟ್ಟನೆ ತುಂಡಾಗುತ್ತಿತ್ತು. ಮೇಲೆ ಹರಳೆಣ್ಣೆ ಹಚ್ಚಿ ನೋಡಿದೆ. ಅದು ಒಳಗಿಳಿಯದೆ ಕತ್ತಿನ ಮೇಲೆ ಹರಿದು ರವಿಕೆಗೆ ಬಂತು. ಅಜ್ಜಿಗೆ ಹೇಳಿದರೆ, ಇನ್ನೂ ಸಾಲದು ಅಂತ ಅರ್ಥ ಎಂದು ಮತ್ತೊಂದು ಅಂಗೈ ಸುರಿದಳು.

ಅಷ್ಟರಲ್ಲಿ ಇನ್ನೊಂದು ಬಾಟಲಿ ಕಾಣೆಯಾಯಿತು. ಚಿಕ್ಕಪ್ಪ ಗಂಡಿನ ಅಂಗಿಯ ಅಳತೆ ತರಲು ಹಿರಿಯೂರಿಗೆ ಹೋಗಿ ಬಂದ ಮೇಲೆ ಅದು ಟ್ರಂಕಿನಲ್ಲಿರಲಿಲ್ಲ. ಅಜ್ಜಿ ಕೇಳಿದ್ದಕ್ಕೆ ಬಸ್ಸಿನಲ್ಲಿ ಒಡೆದುಹೋಯಿತು ಎಂದ. ಹಿರಿಯೂರಿಗೆ ಅದನ್ನು ಯಾಕೆ ಹೊತ್ತುಕೊಂಡು ಹೋಗಿದ್ದೆ ಎಂದು ಅವಳು ಕೇಳಿದಾಗ ಅವನು ಬೀಡಿಯ ನೆನಪಾಗಿ ಹೊರಗೆ ಹೋದ.

ಮದುವೆ ಗಂಡಿನ ಮನೆಯಲ್ಲಿ. ಹೊಸದುರ್ಗದವರೆಗೆ ಬಸ್ಸು, ಅಲ್ಲಿಂದ ಗಾಡಿ. ಅಂಗಳದಲ್ಲಿ ಚಪ್ಪರ ಹಾಕಿ, ಹಿತ್ತಲಿನ ಕಡೆ ಸುರಿಗೆಗೆ ಅಣಿ ಮಾಡಿದ್ದರು. ಈಗಿನವರಿಗೆ ಸುರಿಗೆ ಗೊತ್ತಿರಲಿಕ್ಕಿಲ್ಲ. ನಾಲ್ಕು ಮೂಲೆಗೆ ನಾಲ್ಕು ನೀರು ತುಂಬಿದ ಚೊಂಬಿಟ್ಟು, ಅವುಗಳ ಸುತ್ತ ನೂಲು ಸುತ್ತಿ, ನಡುವೆ ಹೆಣ್ಣು ಗಂಡನ್ನು ಮಣೆಯ ಮೇಲೆ ಕೂರಿಸುತ್ತಾರೆ. ಮುತ್ತೈದೆಯರು ಬಾವಿಗೆ ಪೂಜೆ ಮಾಡಿ ತಂದ ಗಂಗೆಯನ್ನು ಇಬ್ಬರ ತಲೆಯ ಮೇಲೂ ಹುಯ್ಯುತ್ತಾರೆ. ಆ ನೀರಿನಲ್ಲಿ ತಲೆ ನೆನೆದ ಮೇಲೆಯೇ ಹೊಸ ಬಟ್ಟೆ, ಬಾಸಿಂಗ, ಧಾರೆ. ತಲೆ ನೆನೆಯದೆ ಮುಂದಿನ ಯಾವ ಶಾಸ್ತ್ರವೂ ಇಲ್ಲ.

ಮೊದಲು ಹೆಣ್ಣಿಗೆ. ಸೋದರತ್ತೆಯೇ ಚೊಂಬು ಎತ್ತಿದಳು. ನೀರು ನೆತ್ತಿಗೆ ಬಿದ್ದದ್ದು ಗೊತ್ತಾಯಿತು, ಇಳಿದದ್ದು ಗೊತ್ತಾಗಲಿಲ್ಲ. ಎದುರಿಗೆ ಕೂತ ಹೆಂಗಸರ ಕಣ್ಣು ದೊಡ್ಡದಾಗುವುದು ಕಂಡಿತು. ಇನ್ನೊಂದು ಚೊಂಬು. ಮತ್ತೊಂದು. ಕೆಸುವಿನ ಎಲೆಯ ಮೇಲಿಂದ ಉರುಳುವಂತೆ ನೀರು ನನ್ನ ತಲೆಯಿಂದ ಚೆಂಡುಚೆಂಡಾಗಿ ಉರುಳಿ ಹೆಗಲಿಗೆ ಬೀಳುತ್ತಿತ್ತು. ಸೀರೆ ತೊಪ್ಪೆಯಾಯಿತು, ತಲೆ ಒಣಗಿಯೇ ಇತ್ತು. ಆಕೆ ನನ್ನ ಕೂದಲೊಳಗೆ ಕೈಯಿಟ್ಟು, ಹಾವು ಮುಟ್ಟಿದವಳಂತೆ ಕೈ ಎಳೆದುಕೊಂಡಳು.

ಯಾರೋ ಹೇಳಿ ವಾಲಗ ನಿಲ್ಲಿಸಿದರು.

"ಇದು ಹುಟ್ಟಿದ ಕೂದ್ಲೋ, ತಂದು ಅಂಟಿಸಿದ್ದೋ?" ಎಂದಳು ಆಕೆ. ಕೇಳಿದ್ದು ನನ್ನನ್ನಲ್ಲ, ಅಮ್ಮನನ್ನು. ಉತ್ತರಕ್ಕೆ ಕಾಯದೆ ಜಡೆ ಹಿಡಿದು ಎಳೆದಳು. ನಾನು ಅಯ್ಯೋ ಎಂದ ಮೇಲೆ ಹುಟ್ಟಿದ್ದೇ ಎಂದು ಖಾತ್ರಿಯಾಯಿತು. ಅದು ಇನ್ನೂ ಕೆಟ್ಟದಾಯಿತು. ತಂದು ಅಂಟಿಸಿದ್ದಾಗಿದ್ದರೆ ಬರೀ ಮೋಸ ಎನ್ನಬಹುದಿತ್ತು. ಹುಟ್ಟಿದ ಕೂದಲೇ ಗಂಗೆಯನ್ನು ತಳ್ಳುತ್ತಿದೆ ಎಂದರೆ ಏನೆನ್ನುವುದು?

ಅಮ್ಮ ಸೀಗೆಕಾಯಿ ತಂದು ಉಜ್ಜಿದಳು. ಅಂಟುವಾಳ ಉಜ್ಜಿದರು. ಬಿಸಿನೀರು ಹುಯ್ದರು. ಮೂರು ಮಂದಿ ಕೈ ಹಾಕಿ ತಿಕ್ಕಿದ್ದಕ್ಕೆ ನೆತ್ತಿ ಉರಿಯಿತೇ ಹೊರತು ಕೂದಲು ಬಗ್ಗಲಿಲ್ಲ. ಸೀಗೆಪುಡಿಯೂ ನೀರಿನ ಜೊತೆಗೇ ಜಾರಿ ಹೋಗುತ್ತಿತ್ತು. ಚಿಕ್ಕಪ್ಪನನ್ನು ಚಪ್ಪರದ ಹಿಂದಿನಿಂದ ಹುಡುಕಿ ತಂದರು. ಅವನು ತಡವರಿಸುತ್ತಾ, ಇದು ಕೊಡೆ ಬಟ್ಟೆಗೆ ಹಚ್ಚುವ ಎಣ್ಣೆ, ಹಾನಿಯೇನಿಲ್ಲ ಎಂದ. ಅವನು ಬಾಯಿ ಬಿಡದಿದ್ದರೇ ಚೆನ್ನಾಗಿತ್ತು. ಮದುವೆ ಹೆಣ್ಣಿನ ತಲೆಗೆ ಕೊಡೆಯ ಮದ್ದು ಎನ್ನುವುದು ಚಪ್ಪರದ ಈ ತುದಿಯಿಂದ ಆ ತುದಿಗೆ ಹೋಗುವಷ್ಟರಲ್ಲಿ, ಹೆಣ್ಣಿಗೆ ತಲೆಯಲ್ಲಿ ಏನೋ ರೋಗ, ಮದ್ದು ಹಚ್ಚಿ ಮುಚ್ಚಿಟ್ಟಿದ್ದಾರೆ ಎಂದಾಗಿತ್ತು.

ಸೋದರತ್ತೆ ಚೊಂಬನ್ನು ನೆಲಕ್ಕಿಟ್ಟಳು. ಸಿಟ್ಟಿನಿಂದಲ್ಲ, ಮೆಲ್ಲಗೆ. ನನಗೆ ಹೆದರಿಕೆಯಾದದ್ದು ಅದಕ್ಕೇ.

"ಗಂಗಮ್ಮ ಮುಟ್ಟದ ತಲೆಗೆ ನಮ್ಮ ಮನೆ ಬಾಸಿಂಗ ಕಟ್ಟಾಕಾಗಲ್ಲ. ಬೇಜಾರ್ ಮಾಡ್ಕಬ್ಯಾಡ್ರಿ. ಗಾಡಿ ಕಟ್ಸ್ತೀವಿ."

ಅಪ್ಪ ಕಂಬಕ್ಕೆ ಒರಗಿದ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಸುರಿಗೆಯಿಂದ ಎದ್ದು ವಾಪಸು ಹೋದ ಹುಡುಗಿಗೆ ಆ ಕಾಲದಲ್ಲಿ ಮತ್ತೆ ಯಾರು ಬರುತ್ತಾರೆ? ಮೈಯೆಲ್ಲ ಒದ್ದೆಯಾಗಿ, ತಲೆಯೊಂದು ಒಣಗಿ, ನಾನು ನೂಲಿನ ನಡುವೆ ಕೂತಿದ್ದೆ. ಏಳುವುದೋ ಬೇಡವೋ ತಿಳಿಯಲಿಲ್ಲ. ಪಕ್ಕದ ಮಣೆಯ ಕಡೆ ಓರೆಗಣ್ಣಿನಲ್ಲಿ ನೋಡಿದೆ. ಗಂಡು ತಲೆಗೆ ಸುತ್ತಿದ ಟವಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದ. ಬಿಸಿಲಿಗೆ ಬೆವರುವುದು ಬೇರೆ, ಅವನು ಬೆವರುತ್ತಿದ್ದ ರೀತಿ ಬೇರೆ.

ನಮ್ಮಜ್ಜಿ ಈಗ ಎದ್ದು ನೂಲಿನ ಹತ್ತಿರ ಬಂದಳು. ಹೆಣ್ಣನ್ನು ಕರೆದುಕೊಂಡು ಹೋಗುತ್ತೇವೆ, ಅದಕ್ಕೇನಂತೆ, ಆದರೆ ಕೂರಿಸಿದ ಗಂಡಿಗೆ ನೀರು ಹುಯ್ಯದೆ ಎಬ್ಬಿಸುವುದು ಅವನಿಗೂ ಒಳ್ಳೆಯದಲ್ಲ, ಅವನ ಪಾಲಿನ ಗಂಗೆ ಅವನಿಗೆ ಮುಟ್ಟಲಿ ಎಂದಳು. ಅದು ನ್ಯಾಯವಾದ ಮಾತು ಎಂದು ಅಲ್ಲಿದ್ದ ಹಿರಿಯರು ತಲೆಯಾಡಿಸಿದರು. ಅಜ್ಜಿಯ ಕಣ್ಣು ಟವಲಿನ ಮೇಲಿತ್ತು. ಕಾಣೆಯಾದ ಬಾಟಲಿ ಅವಳಿಗೆ ಆ ಗಳಿಗೆಯಲ್ಲಿ ಕಂಡಿತ್ತೆಂದು ಆಮೇಲೆ ನನಗೆ ಹೇಳಿದಳು.

ಸೋದರತ್ತೆ ಮತ್ತೆ ಚೊಂಬು ಎತ್ತಿದಳು. ಗಂಡು ಹಿಂದಕ್ಕೆ ಸರಿದ.

"ಬ್ಯಾಡ ಅತ್ತೆ. ನೆಗಡಿ ಐತೆ ನಂಗೆ."

"ಬೇಸ್ಗೇಲಿ ಎಂಥ ನೆಗಡಿಯೋ? ತೆಗಿಯೋ ಟವಲ್ನ."

ಅವನು ತೆಗೆಯಲಿಲ್ಲ. ಅವನ ಅಪ್ಪ, ನನ್ನ ಮಾವನವರು, ಹಿಂದಿನಿಂದ ಬಂದು ಕುರಿಯ ಕಿವಿ ಹಿಡಿಯುವಂತೆ ಟವಲಿನ ತುದಿ ಹಿಡಿದು ಎಳೆದರು. ಅಲ್ಲಿದ್ದವರೆಲ್ಲ ಒಮ್ಮೆಗೇ ಉಸಿರು ಎಳೆದುಕೊಂಡ ಸದ್ದು ನನಗೆ ಕೇಳಿಸಿತು. ಗುಬ್ಬಿಗೂಡು ಇರಲಿಲ್ಲ. ಅಷ್ಟು ಎಣ್ಣೆಯ ಭಾರಕ್ಕೆ ಅದು ಎಂದೋ ಕುಸಿದಿತ್ತು. ಅಂಟಿಸಿದ ಹಾಗೆ ಬುರುಡೆಗೆ ಹತ್ತಿಕೊಂಡ ಕೂದಲು ಬಿಸಿಲಿಗೆ ಹೊಸ ಸೈಕಲ್ಲಿನ ಮಡ್‌ಗಾರ್ಡಿನಂತೆ ಮಿಂಚುತ್ತಿತ್ತು.

ಸೋದರತ್ತೆ ನೀರು ಹುಯ್ದಳು. ಚೆಂಡುಚೆಂಡಾಗಿ ಉರುಳಿ ಅವನ ಮೂಗಿನಿಂದ ಇಳಿಯಿತು. ಎರಡನೇ ಸಲ ಹುಯ್ದಳು. ತಲೆ ಒಣ.

ಚಿಕ್ಕಪ್ಪ ಮತ್ತೆ ಬೀಡಿಯ ನೆನಪಾಗಿ ಹೊರಡುವುದರಲ್ಲಿದ್ದ, ಅಪ್ಪ ಅವನ ರಟ್ಟೆ ಹಿಡಿದುಕೊಂಡ. ಅಜ್ಜಿ ಮಾತ್ರ ಬಹಳ ಮರ್ಯಾದೆಯಿಂದ ಕೇಳಿದಳು, "ಈಗ ನೀವೇ ಹೇಳ್ರಮ್ಮ. ಗಂಗಮ್ಮ ಯಾರನ್ನ ಒಲ್ಲೆ ಅಂದ್ಲು?"

ಸೋದರತ್ತೆ ಸಾಕಿದ ಹುಡುಗ ಅವನು. ತಾನೇ ಹೇಳಿದ ಮಾತು ಅವನ ತಲೆಯ ಮೇಲೆ ಬಂದು ನಿಂತಿತ್ತು. ಅದನ್ನು ಉರುಳಿಸಲು ಯಾವ ಎಣ್ಣೆಯೂ ಇರಲಿಲ್ಲ. ಆಕೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಆಮೇಲೆ ಮಂಡಿಯೂರಿ ಕೂತು, ನನ್ನ ಬೈತಲೆಯನ್ನು ಎರಡೂ ಹೆಬ್ಬೆರಳಿನಿಂದ ಅಗಲಿಸಿ ಹಿಡಿದಳು. ನೆತ್ತಿಯ ಚರ್ಮ ಕಾಣಿಸಿತು. ಸೀಗೆಕಾಯಿ ಉಜ್ಜಿ ಉಜ್ಜಿ ಅಲ್ಲಿ ಕೆಂಪಾಗಿತ್ತು. ಆ ಗೆರೆಯ ಮೇಲೆ ಇನ್ನೊಬ್ಬಳ ಕೈಯಿಂದ ಸಣ್ಣಗೆ ನೀರು ಬಿಡಿಸಿದಳು. ಕೂದಲು ಒಲ್ಲೆ ಎಂದ ನೀರನ್ನು ಚರ್ಮ ಒಪ್ಪಿಕೊಂಡಿತು. ತಣ್ಣಗೆ ಇಳಿಯಿತು. ನನಗೆ ಆಗ ಅಳು ಬಂತು.

"ಬುಡ ನೆಂದ್ರೆ ಆತು," ಎಂದಳು ಆಕೆ, ಯಾರ ಮುಖವನ್ನೂ ನೋಡದೆ. "ತುದಿ ಕಟ್ಕಂಡು ನಮಗೇನು. ವಾಲಗದೋರಿಗೆ ಹೇಳ್ರಿ."

ಗಂಡಿನ ನೆತ್ತಿಗೂ ಹಾಗೇ ನೀರು ಬಿಡಿಸಿದಳು. ಮಾವನವರು ಅಷ್ಟು ಹೊತ್ತು ತಡೆದುಕೊಂಡಿದ್ದ ನಗುವನ್ನು ಆಗ ಬಿಟ್ಟರು. ಇವೆರಡನ್ನೂ ಮಳೆಗಾಲದಲ್ಲಿ ಕುರಿ ಹಿಂದೆ ಕಳಿಸಿದರೆ ಕಂಬಳಿ ಉಳಿತಾಯ ಎಂದರು. ಚಪ್ಪರವೆಲ್ಲ ನಕ್ಕಿತು. ಬಾಸಿಂಗ ಕಟ್ಟುವಾಗ ಅದು ನನ್ನ ಹಣೆಯ ಮೇಲೂ ನಿಲ್ಲಲಿಲ್ಲ, ಅವನ ಹಣೆಯ ಮೇಲೂ ನಿಲ್ಲಲಿಲ್ಲ. ಧಾರೆ ಮುಗಿಯುವವರೆಗೆ ನನ್ನದನ್ನು ಅಮ್ಮ, ಅವನದನ್ನು ಸೋದರತ್ತೆ ಹಿಂದಿನಿಂದ ಹಿಡಿದುಕೊಂಡು ನಿಂತರು.

ಮದುವೆಯಾದ ಮೇಲೆ ನನ್ನ ಗಂಡ ನನ್ನ ಜೊತೆ ಆಡಿದ ಮೊದಲ ಮಾತು, ನಿಂಗೆಷ್ಟು ಹಚ್ಚಿದ್ರು ಎಂದು. ದಿನಾ ಅಂಗೈ ತುಂಬ ಎಂದೆ. ಅವನೂ ಹಾಗೇ ಹಚ್ಚಿಕೊಂಡಿದ್ದನಂತೆ. ಹಿರಿಯೂರಿನಲ್ಲಿ ನಾವು ಹೂಡಿದ ಸಂಸಾರದ ಮೊದಲ ಕೆಲಸವೇ ಅದನ್ನು ಬಿಡಿಸುವುದು. ಸೈಕಲ್ ಚೈನಿನ ಗ್ರೀಸ್ ತೆಗೆಯುವ ಬಟ್ಟೆ ಸೋಪನ್ನೇ ತಂದು, ಬಚ್ಚಲಲ್ಲಿ ಒಬ್ಬರ ತಲೆ ಒಬ್ಬರು ತಿಕ್ಕಿದೆವು. ತಿಕ್ಕಿ ತಿಕ್ಕಿ ಒಂದು ದಿನ ಕೂದಲು ಕಿರ್ರೆಂದಿತು, ನೀರು ಕುಡಿಯಿತು. ಹೊಳಪಿನ ಅಂಗಿ ಕಳಚಿದ ಮೇಲೆ ಒಳಗಿದ್ದದ್ದನ್ನು ನೋಡಿ ಮತ್ತೆ ಗಾಬರಿಯಾಯಿತು. ತೆಂಗಿನ ನಾರು. ಎಣ್ಣೆ ಕೆಡಿಸಿದ್ದೆಷ್ಟೋ, ಎಣ್ಣೆ ತೆಗೆಯಲು ಹಾಕಿದ ಬಟ್ಟೆ ಸೋಪು ಕೆಡಿಸಿದ್ದೆಷ್ಟೋ, ಯಾರಿಗೆ ಗೊತ್ತು. ಕವಲೊಡೆದ ತುದಿಯನ್ನು ಗಂಡನೇ ಕತ್ತರಿಸಿದ. ಬುಡದಿಂದ ಬಂದ ಹೊಸ ಕೂದಲು ಮಾತ್ರ ಮೊದಲಿನಂತೆಯೇ ಬಂತು. ಸೋದರತ್ತೆ ಹೇಳಿದ್ದು ಸರಿ, ಬುಡಕ್ಕೇನೂ ಆಗಿರಲಿಲ್ಲ.

ಇಷ್ಟನ್ನೂ ಒತ್ತಿ ಮುಗಿಸಿ ಮೊಮ್ಮಗಳಿಗೆ ಓದಲು ಕೊಟ್ಟೆ. ಅವಳು ಗಟ್ಟಿಯಾಗಿ ಓದಿ ಮುಗಿಸಿ, ಎದ್ದು ಹೋಗಿ ಬಾಟಲಿಯನ್ನು ಬೆಳಕಿಗೆ ಹಿಡಿದು ಎಷ್ಟು ಖಾಲಿಯಾಗಿದೆ ನೋಡಿದಳು. ಒಂದು ಹನಿ ಹಚ್ಚು, ವಾರಕ್ಕೊಮ್ಮೆ ಚೆನ್ನಾಗಿ ತೊಳಿ, ಏನೂ ಆಗುವುದಿಲ್ಲ ಎಂದೆ. ಚಿಕ್ಕಪ್ಪನೂ ಅದನ್ನೇ ಹೇಳಿದ್ದ, ಕೇಳುವವರು ಇರಲಿಲ್ಲ ಅಷ್ಟೇ.

ನಮ್ಮ ಮನೆಯವರು ಜಗುಲಿಯಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಟವಲಿನ ವಿಷಯ ಬರೆಯಬೇಕಾಗಿರಲಿಲ್ಲ ಎಂದು ಗೊಣಗುತ್ತಾ ಸ್ನಾನಕ್ಕೆ ಎದ್ದರು. ಅವರ ತಲೆಯ ಮೇಲೆ ಈಗಲೂ ನೀರು ನಿಲ್ಲುವುದಿಲ್ಲ. ಅದಕ್ಕೆ ಈಗ ಎಣ್ಣೆ ಬೇಕಾಗಿಲ್ಲ, ಕೂದಲೇ ಇಲ್ಲ.